ಮಳೆಗಾಲಕ್ಕೆ ಜಾಗ ಬಿಟ್ಟಿರಲಿಲ್ಲ

ಮುಂಬೈಯಲ್ಲಿ ಹನ್ನೊಂದು ವರ್ಷ ಕಟ್ಟಡಗಳ ನಕ್ಷೆ ಬರೆದ ಮೇಲೆ ನನಗೆ ಕುರ್ಚಿ, ಮೇಜು ಮಾಡುವ ಹುಚ್ಚು ಹಿಡಿಯಿತು. ಕಟ್ಟಡ ಮುಗಿಯೋಕೆ ನಾಲ್ಕೈದು ವರ್ಷ ಕಾಯಬೇಕು. ಕುರ್ಚಿಯಾದರೆ ತಿಂಗಳೊಳಗೆ ಕೂತೇ ನೋಡಬಹುದು, ಅಲ್ವಾ?

ಕಟ್ಟಡದ ಕೆಲಸದಲ್ಲಿ ಗೋಡೆ 10 ಮಿಲಿಮೀಟರ್ ಆಚೀಚೆ ಆದರೆ ಪ್ಲಾಸ್ಟರ್ ಮುಚ್ಚಿಕೊಳ್ಳುತ್ತದೆ. ಕುರ್ಚಿಗೆ ಆ ಸೌಕರ್ಯ ಇಲ್ಲ. ಮೊದಲ ಕುರ್ಚಿಯ ಸೀಟನ್ನು ಪುಸ್ತಕದ ಲೆಕ್ಕದಂತೆ 450 ಮಿಲಿಮೀಟರ್ ಎತ್ತರಕ್ಕಿಟ್ಟೆ. ಧಾರವಾಡದಿಂದ ಬಂದ ಅವ್ವ ಕೂತು ನೋಡಿ, "ಕಾಲು ನೆಲಾ ಮುಟ್ಟವಲ್ದಲ್ಲೋ" ಅಂದಳು. ಕಾಲು ಕೊಯ್ದು 420ಕ್ಕೆ ಇಳಿಸಿದೆ. ಕುರ್ಚಿಯ ಕಾಲು! ಈಗ ಮೊದಲು ಅಗ್ಗದ ಪ್ಲೈವುಡ್‌ನಲ್ಲಿ ನಿಜ ಅಳತೆಯದ್ದೇ ಒಂದು ಮಾಡಿ, ಮನೆಗೆ ಬಂದವರನ್ನೆಲ್ಲ ಅದರ ಮೇಲೆ ಕೂರಿಸುತ್ತೇನೆ.

ಡ್ರಾಯರಿನ ಕಥೆ ಬೇರೆ. ಜೋಗೇಶ್ವರಿಯ ಓಶಿವಾರದಲ್ಲಿ ಕೆಡವಿದ ಮನೆಗಳ ಹಳೆ ಸಾಗವಾನಿ ಸಿಗುತ್ತದೆ. ಇಷ್ಟು ವರ್ಷ ಒಣಗಿದ ಮರ ಇನ್ನೇನು ಅಲುಗುತ್ತದೆ ಎಂದುಕೊಂಡು ಜನವರಿಯಲ್ಲಿ ಒಂದು ಮೇಜು ಮಾಡಿಸಿದೆ. ಡ್ರಾಯರಿನ ಮೇಲೆ ಒಂದು ಕಾಗದ ತೂರುವಷ್ಟೇ ಸಂದಿ. ನನಗೋ ಭಾರೀ ಹೆಮ್ಮೆ. ಅಥಣಿ ಕಡೆಯ ಬಡಿಗ ಕಾಕಾ ಮಾತ್ರ ಉಳಿ ಒರೆಸುತ್ತ, "ಸರ, ಮಳಿಗಾಲಕ್ಕ ಜಾಗಾ ಬಿಟ್ಟಿಲ್ರಿ" ಅಂದರು. ನಾನು ಸುಮ್ನೆ ನಕ್ಕೆ.

ಜುಲೈಯಲ್ಲಿ ಆ ಮೇಜು ಕೊಂಡ ಮಾಟುಂಗಾದ ಗಿರಾಕಿಯ ಫೋನು. ಡ್ರಾಯರು ಬರ್ತಾ ಇಲ್ಲ, ಒಳಗೆ ಪಾಸ್‌ಪೋರ್ಟ್ ಇದೆ!

ಮರ ಎಷ್ಟೇ ಹಳೆಯದಾದರೂ ಗಾಳಿಯ ತೇವ ಕುಡಿಯುತ್ತದೆ. ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಉಬ್ಬುತ್ತದೆ. ಆ ಡ್ರಾಯರಿನ 200 ಮಿಲಿಮೀಟರ್ ಅಗಲದ ಹಲಗೆ ಸುಮಾರು 2 ಮಿಲಿಮೀಟರ್ ಉಬ್ಬಿತ್ತು. ಕಾಕಾ ಮೇಜಿನ ಹಿಂಬದಿ ಬಿಚ್ಚಿ, ಒಳಗಿಂದ ತಳ್ಳಿ ಡ್ರಾಯರು ತೆಗೆದರು. ಆಮೇಲೆ ಗಿರಾಕಿಯ ಮನೆಯ ಹಾಲ್‌ನಲ್ಲೇ ಪೇಪರ್ ಹಾಸಿ ರಂದಾ ಹೊಡೆದರು. ಸುರುಳಿ ಸುರುಳಿ ಹೊಟ್ಟು ಸೋಫಾ ಕೆಳಗೆಲ್ಲ ಸೇರಿತು.

ಈಗ ಚಳಿಗಾಲದಲ್ಲಿ ಮಾಡುವ ಅಂಥ ಡ್ರಾಯರಿಗೆ 3 ಮಿಲಿಮೀಟರ್ ಬಿಡುತ್ತೇನೆ. ಮೇಜಿನ ಮೇಲ್ಹಲಗೆ ಹಿಡಿಯುವ ಸ್ಕ್ರೂಗಳಿಗೆ ದುಂಡನೆಯ ತೂತಲ್ಲ, ಉದ್ದನೆಯ ತೂತು. ಹಲಗೆ ಉಬ್ಬಿದಾಗ ಸ್ಕ್ರೂ ಜರುಗಬೇಕು, ಇಲ್ಲದಿದ್ದರೆ ಹಲಗೆ ಸೀಳುತ್ತದೆ. ಡ್ರಾಯರಿನ ತಳಕ್ಕೆ ಪ್ಲೈ, ಅದು ಅಷ್ಟು ಉಬ್ಬುವುದಿಲ್ಲ. ತಳಕ್ಕೂ ಸಾಗವಾನಿಯೇ ಬೇಕು ಎಂದು ಹಟ ಹಿಡಿಯುವ ಗಿರಾಕಿಗಳ ಜೊತೆ ನಾನು ವಾದ ಮಾಡುವುದಿಲ್ಲ, ಕಾಕಾರನ್ನು ಮುಂದೆ ಬಿಡುತ್ತೇನೆ.

ದುಡ್ಡಿನ ಮಾತು ಬೇಡ. ಮೊದಲ ಐದು ಮೇಜಿನ ಬೆಲೆಯಲ್ಲಿ ಮರ, ಕೂಲಿ ಸೇರಿಸಿದ್ದೆ. ಟೆಂಪೋ ಬಾಡಿಗೆ ಮರೆತೇ ಹೋಗಿತ್ತು.

ಮಾಟುಂಗಾದ ಡ್ರಾಯರು ಈಗ ಜನವರಿ ಬಂದರೆ ಲಟಲಟ ಅನ್ನುತ್ತದೆ. ಪಾಸ್‌ಪೋರ್ಟ್ ಮಾತ್ರ ಅವರು ಗೋದ್ರೇಜ್ ಕಪಾಟಿಗೆ ಸಾಗಿಸಿದ್ದಾರೆ.