ಸ್ಪಾರ್ಕ್ ಬರುತ್ತಿಲ್ಲವೇ? ಮೊದಲು ಕಿಲ್ ಸ್ವಿಚ್ ವೈರ್ ಬಿಚ್ಚಿ ನೋಡಿ

ದೋಣಿಯ ಔಟ್‌ಬೋರ್ಡ್ ಮೋಟಾರ್ ಸ್ಟಾರ್ಟ್ ಆಗುತ್ತಿಲ್ಲ, ಪ್ಲಗ್‌ನಲ್ಲಿ ಸ್ಪಾರ್ಕ್ ಇಲ್ಲ. ತಕ್ಷಣ ಜನ ದುಬಾರಿ ಸಿಡಿಐ ಯೂನಿಟ್ (ಸ್ಪಾರ್ಕ್ ಹುಟ್ಟಿಸುವ ಎಲೆಕ್ಟ್ರಾನಿಕ್ ಡಬ್ಬಿ) ತಂದು ಹಾಕುತ್ತಾರೆ. ಆಮೇಲೂ ಮೋಟಾರ್ ಮಿಸುಕುವುದಿಲ್ಲ. ನಾನೂ ಒಮ್ಮೆ ಹೀಗೆ ಬೇಸ್ತು ಬಿದ್ದವನೇ. ಕೊನೆಗೆ ನೋಡಿದರೆ, ಮೋಟಾರ್ ನಿಲ್ಲಿಸುವ ಕಿಲ್ ಸ್ವಿಚ್‌ಗೆ ಹೋಗುವ ವೈರ್ ಸಿಪ್ಪೆ ಕಿತ್ತು ಎಂಜಿನ್‌ಗೆ ತಾಗುತ್ತಿತ್ತು, ಅಷ್ಟೇ.

ಮನೆಯ ಸ್ವಿಚ್ ಹಾಕಿದರೆ ಸರ್ಕ್ಯೂಟ್ ಕೂಡಿಕೊಂಡು ದೀಪ ಹೊತ್ತುತ್ತದೆ. ಮ್ಯಾಗ್ನೆಟೊದಿಂದ, ಅಂದರೆ ತಿರುಗುವ ಆಯಸ್ಕಾಂತ ಹುಟ್ಟಿಸುವ ಕರೆಂಟ್‌ನಿಂದ ನಡೆಯುವ ಸಿಡಿಐ ಮೋಟಾರ್‌ನಲ್ಲಿ ಇದು ಉಲ್ಟಾ. ಕೈಗೆ ಕಟ್ಟಿಕೊಳ್ಳುವ ಹಗ್ಗದ ಕ್ಲಿಪ್ ಸ್ವಿಚ್‌ನಲ್ಲಿ ಕೂತಿರುವಷ್ಟು ಹೊತ್ತು ಸರ್ಕ್ಯೂಟ್ ತೆರೆದಿರುತ್ತದೆ. ಕ್ಲಿಪ್ ಕಿತ್ತು ಬಂದರೆ ಸ್ಟಾಪ್ ವೈರ್ (ಸಿಡಿಐನಿಂದ ಕಿಲ್ ಸ್ವಿಚ್‌ಗೆ ಬರುವ ವೈರ್) ಅರ್ತ್‌ಗೆ, ಅಂದರೆ ಎಂಜಿನ್ ಲೋಹಕ್ಕೆ ಸೇರಿ ಸ್ಪಾರ್ಕ್ ನಿಲ್ಲುತ್ತದೆ. ಅಂದರೆ ಆ ವೈರ್ ದಾರಿಯಲ್ಲಿ ಎಲ್ಲೇ ಲೋಹಕ್ಕೆ ತಾಗಿದರೂ ಮೋಟಾರ್ ಪಾಲಿಗೆ ನೀವು ಕ್ಲಿಪ್ ಎಳೆದಂತೆಯೇ. ಬ್ಯಾಟರಿಯಿಂದ ನಡೆಯುವ ಕೆಲವು ಇಗ್ನಿಷನ್‌ಗಳು ಬೇರೆ ಥರ ಇರುತ್ತವೆ. ನಿಮ್ಮದು ಯಾವುದು ಅಂತ ವೈರಿಂಗ್ ಚಿತ್ರ ನೋಡಿಕೊಂಡೇ ಮುಂದುವರಿಯಿರಿ.

ಹಂತ 1: ಕ್ಲಿಪ್ ಸರಿಯಾಗಿ ಕೂತಿದೆಯಾ, ಗೇರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ತೊಂದರೆ ಇಲ್ಲೇ ಮುಗಿಯುತ್ತದೆ.

ಹಂತ 2: ಪ್ಲಗ್ ವೈರ್‌ಗೆ ಸ್ಪಾರ್ಕ್ ಟೆಸ್ಟರ್ ಹಾಕಿ, ಅದರ ಕ್ಲಿಪ್ಪನ್ನು ಎಂಜಿನ್‌ನ ಬರಿ ಲೋಹಕ್ಕೆ ಕಚ್ಚಿಸಿ, ಸ್ಟಾರ್ಟರ್ ಹಗ್ಗ ಎಳೆದು ನೋಡಿ. ಪ್ಲಗ್ಗನ್ನು ಬೆರಳಲ್ಲಿ ಹಿಡಿದು ಹಗ್ಗ ಎಳೆಯುವ ಶೂರರನ್ನು ಕಂಡಿದ್ದೇನೆ. ಆ ಶಾಕ್ ಸಣ್ಣದಲ್ಲ. ಹತ್ತಿರ ಪೆಟ್ರೋಲ್ ವಾಸನೆ ಇದ್ದರೆ ಸ್ಪಾರ್ಕ್ ಪರೀಕ್ಷೆಯೇ ಬೇಡ, ಮೊದಲು ಗಾಳಿಯಾಡಲು ಬಿಡಿ.

ಹಂತ 3: ಜಾಸ್ತಿ ಜನ ಎಡವುವುದು ಇಲ್ಲಿ. ಸ್ಟಾಪ್ ವೈರ್ ಬಿಚ್ಚಬೇಕು, ಸರಿ. ಆದರೆ ಎಲ್ಲಿ? ಸುಲಭಕ್ಕೆ ಸಿಗುತ್ತದೆ ಅಂತ ಸ್ವಿಚ್ ಹತ್ತಿರ ಬಿಚ್ಚುತ್ತಾರೆ. ಆಗ ಸ್ವಿಚ್‌ನಿಂದ ಎಂಜಿನ್‌ವರೆಗಿನ ಉದ್ದದ ವೈರ್ ಹಾಗೇ ಉಳಿಯುತ್ತದೆ. ಉಜ್ಜಿ ಸವೆಯುವುದು ಅದೇ ಅಲ್ವಾ? ಆದ್ದರಿಂದ ಎಂಜಿನ್ ಕವರ್ ತೆಗೆದು, ಸಿಡಿಐ ಪಕ್ಕದಲ್ಲೇ ಬಿಚ್ಚಿ. ಯಮಾಹಾದಲ್ಲಿ ಸಾಮಾನ್ಯವಾಗಿ ಅದು ಬಿಳಿ ವೈರ್, ಮರ್ಕ್ಯುರಿಯಲ್ಲಿ ಹಳದಿ ಗೆರೆಯ ಕಪ್ಪು ವೈರ್. ಹಳೆ ಮೋಟಾರ್‌ಗೆ ಯಾರೋ ಕೈಹಾಕಿ ಬಣ್ಣ ಬದಲಾಗಿರಬಹುದು, ಬಣ್ಣವನ್ನೇ ನಂಬಬೇಡಿ. ಕೀ ಸ್ವಿಚ್, ಸ್ಟಾಪ್ ಬಟನ್ ಬೇರೆ ಇದ್ದರೆ ಅವುಗಳ ಸ್ಟಾಪ್ ವೈರ್‌ಗಳನ್ನೂ ಬಿಚ್ಚಿ.

ಈಗ ಸ್ಟಾರ್ಟರ್ ಹಗ್ಗ ಎಳೆಯಿರಿ. ಸ್ಪಾರ್ಕ್ ಬಂತೆಂದರೆ ಸಿಡಿಐ ಚೆನ್ನಾಗಿದೆ, ತಪ್ಪು ಸ್ವಿಚ್ ಅಥವಾ ವೈರ್‌ನದು. ಬರದಿದ್ದರೆ ಸಿಡಿಐಗೆ ಕರೆಂಟ್ ಕೊಡುವ ಚಾರ್ಜ್ ಕಾಯಿಲ್, ಸ್ಪಾರ್ಕ್‌ನ ಸಮಯ ಹೇಳುವ ಟ್ರಿಗರ್, ಸಿಡಿಐ ಕಡೆ ಹೋಗಿ. ಒಂದು ನೆನಪಿಡಿ, ವೈರ್ ಬಿಚ್ಚಿದ ಮೇಲೆ ಮೋಟಾರ್ ಸ್ಟಾರ್ಟ್ ಆದರೆ ಕಿಲ್ ಸ್ವಿಚ್‌ನಿಂದ ನಿಲ್ಲದು. ಚೋಕ್ ಎಳೆದೇ ನಿಲ್ಲಿಸಬೇಕು. ಹೀಗೇ ನೀರಿಗಿಳಿಯಬೇಡಿ. ನೀವು ದೋಣಿಯಿಂದ ಬಿದ್ದರೂ ಅದು ಓಡುತ್ತಲೇ ಇರುತ್ತದೆ.

ಹಂತ 4: ಬಿಚ್ಚಿದ ಸ್ವಿಚ್ ವೈರ್‌ಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಕ್ಲಿಪ್ ಇದ್ದಾಗ ಬೀಪ್ ಬರಬಾರದು, ತೆಗೆದಾಗ ಬರಬೇಕು. ಬೀಪ್ ಒಂದನ್ನೇ ನಂಬದೆ ಓಮ್ಸ್‌ನಲ್ಲೂ ಅಳೆಯಿರಿ. ಉಪ್ಪುನೀರು ನುಗ್ಗಿದ ಸ್ವಿಚ್ ಅರೆಬರೆ ಕರೆಂಟ್ ಸೋರಿಸುತ್ತದೆ. ಬೀಪ್ ಬರದು, ಆದರೆ ಸ್ಪಾರ್ಕ್ ಸೊರಗುತ್ತದೆ. ಅಳೆಯುವಾಗ ವೈರ್ ಅಲ್ಲಾಡಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ. ಒಂದು ಪಕ್ಕಕ್ಕೆ ತಿರುಗಿದಾಗ ಮಾತ್ರ ತಾಗುವ ವೈರ್‌ಗಳೂ ಉಂಟು.

ಟೆಸ್ಟ್ ಲೈಟ್ ಹಿಡಿದು ಸ್ಟಾಪ್ ವೈರ್‌ಗೆ 12 ವೋಲ್ಟ್ ತಾಗಿಸಬೇಡಿ. ಚೆನ್ನಾಗಿದ್ದ ಸಿಡಿಐ ಆ ಕ್ಷಣಕ್ಕೇ ಸುಟ್ಟುಹೋಗಬಹುದು.

ಹಂತ 5: ರಿಪೇರಿ. ಸುಮ್ನೆ ಹೊಸೆದು ಟೇಪ್ ಸುತ್ತಿದ ಜೋಡಣೆ ನೀರಲ್ಲಿ ಬಾಳಿಕೆ ಬರದು. ತವರ ಲೇಪಿಸಿದ ತಾಮ್ರದ ವೈರ್, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಕನೆಕ್ಟರ್, ಇವೆರಡೇ ನನಗೆ ಒಪ್ಪಿಗೆ. ಎಲ್ಲ ಮೋಟಾರ್‌ಗೂ ಹೊಂದುತ್ತದೆ ಎಂದು ಮಾರುವ ಅಗ್ಗದ ಸ್ವಿಚ್‌ಗಳಲ್ಲಿ ಕೆಲವು ಉಲ್ಟಾ ಕೆಲಸ ಮಾಡುತ್ತವೆ. ಹಾಕುವ ಮೊದಲೇ ಮೀಟರ್ ಹಿಡಿದು ನೋಡಿ.

ಎಲ್ಲ ಜೋಡಿಸಿದ ಮೇಲೆ ತಂಪಿಗೆ ನೀರು ಕೊಟ್ಟು ಮೋಟಾರ್ ಓಡಿಸಿ, ಕ್ಲಿಪ್ ಎಳೆಯಿರಿ. ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಸ್ವಿಚ್‌ನ ಅರ್ತ್ ವೈರ್ ಎಂಜಿನ್‌ಗೆ ಕೂರುವ ಜಾಗ ನೋಡಿ. ಅಲ್ಲಿ ಹಸಿರು ಕಿಲುಬು ಇದ್ದರೆ ಕೆರೆದು ತೆಗೆದು, ಬೋಲ್ಟ್ ಬಿಗಿಮಾಡಿ, ಇನ್ನೊಮ್ಮೆ ಎಳೆದು ನೋಡಿ.