ಗಾಡಿ ಮೇಲೆ ಅಂಗಡಿ ಜಾಹೀರಾತು: ಅನುಮತಿ ಮೊದಲು, ಪ್ರಿಂಟ್ ಆಮೇಲೆ

ಬೆಳಗಾವಿಯ ಖಡೇಬಜಾರಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಬೇಕರಿ, ಕುಂದಾ ಅಂಗಡಿ, ನೀರಿನ ಕ್ಯಾನು, ಕೋಚಿಂಗ್ ಕ್ಲಾಸು ಎಂದು ಮೈತುಂಬ ಸ್ಟಿಕರ್ ಹಚ್ಚಿಕೊಂಡ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತವೆ. ಈ ಕೆಲಸವನ್ನು ಬಹಳ ಮಂದಿ ತಿರುವುಮುರುವು ಮಾಡುತ್ತಾರೆ. ಮೊದಲು ಪ್ರಿಂಟ್ ಹಾಕಿಸಿ ಹಚ್ಚಿಬಿಡುತ್ತಾರೆ. ಪಾಸಿಂಗಿಗೆ, ಅಂದರೆ ಆರ್‌ಟಿಒದ ಫಿಟ್‌ನೆಸ್ ತಪಾಸಣೆಗೆ, ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಬೆರಳು ತೋರಿಸಿದ ಮೇಲೆ ನಿಯಮ ಹುಡುಕುತ್ತಾರೆ. ಹಚ್ಚಿದ ವಿನೈಲ್ (ಸ್ಟಿಕರಿನ ಪ್ಲಾಸ್ಟಿಕ್ ಹಾಳೆ) ಒಮ್ಮೆ ಕಿತ್ತರೆ ಮುಗಿಯಿತು, ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲ. "ಎಲ್ಲಾರೂ ಹಚ್ಚ್ಯಾರಲ್ರೀ, ನನಗಷ್ಟ ಯಾಕ?" ಎಂಬ ಮಾತು ಆ ಹೊತ್ತಿಗೆ ನಡೆಯುವುದಿಲ್ಲ.

ಮೊದಲ ಹೆಜ್ಜೆ: ಯಾರ ಜಾಹೀರಾತು?

ನಿಮ್ಮ ಗಾಡಿ ಮೇಲೆ ನಿಮ್ಮದೇ ಅಂಗಡಿಯ ಹೆಸರು ಹಾಕುವುದು ಒಂದು ಲೆಕ್ಕ. ಯಾವುದೋ ಕಂಪನಿಯಿಂದ ತಿಂಗಳಿಗಿಷ್ಟು ದುಡ್ಡು ತಗೊಂಡು ಅವರ ಜಾಹೀರಾತು ಹೊತ್ತು ತಿರುಗುವುದು ಬೇರೆ ಲೆಕ್ಕ. ಎರಡನೆಯದಕ್ಕೆ ಪಾಲಿಕೆಯ ಅನುಮತಿಯೂ ಬೇಕು, ಶುಲ್ಕವೂ ಬರುತ್ತದೆ. ಅದರಲ್ಲೂ ಬಿಳಿ ನಂಬರ್ ಪ್ಲೇಟಿನ ಸ್ವಂತ ಕಾರಿಗೆ ಬಾಡಿಗೆ ಜಾಹೀರಾತು ಬೇಡವೇ ಬೇಡ. ಖಾಸಗಿ ಗಾಡಿಯನ್ನು ವ್ಯಾಪಾರಕ್ಕೆ ಬಳಸುತ್ತಿದ್ದೀರಿ ಎಂಬ ಮಾತು ಬಂದರೆ ಸಿಗುವ ಬಾಡಿಗೆಗಿಂತ ತಲೆನೋವೇ ಜಾಸ್ತಿ.

ಎರಡನೇ ಹೆಜ್ಜೆ: ಕಾಗದ

ಆರ್‌ಸಿ (ನೋಂದಣಿ ಪತ್ರ), ವಿಮೆ, ಎಮಿಷನ್ ಸರ್ಟಿಫಿಕೇಟ್, ಹಳದಿ ಪ್ಲೇಟಿನ ಗಾಡಿಯಾದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮತ್ತು ಪರ್ಮಿಟ್, ಅಂಗಡಿಯ ಟ್ರೇಡ್ ಲೈಸೆನ್ಸ್. ಗಾಡಿ ಸಾಲದಲ್ಲಿದ್ದರೆ ಬ್ಯಾಂಕಿನಿಂದ ಒಂದು ಒಪ್ಪಿಗೆ ಪತ್ರ. ಇಷ್ಟು ಸಾಕು.

ಮೂರನೇ ಹೆಜ್ಜೆ: ಡಿಸೈನು

ಎಲ್ಲರೂ ಎಡವುವುದು ಇಲ್ಲೇ. ಡಿಸೈನ್ ಮಾಡುವ ಹುಡುಗನಿಗೆ ಗಾಡಿ ಎಂದರೆ ನಾಲ್ಕು ಖಾಲಿ ಗೋಡೆ. ಎಲ್ಲೆಲ್ಲಿ ಜಾಗ ಕಂಡಿತೋ ಅಲ್ಲೆಲ್ಲ ತುಂಬಿಸುತ್ತಾನೆ. ಆದ್ದರಿಂದ ಅವನ ಹತ್ತಿರ ಹೋಗುವ ಮೊದಲು ಗಾಡಿಯ ನಾಲ್ಕೂ ಕಡೆಯ ಫೋಟೊ ತೆಗೆಯಿರಿ. ಮುಟ್ಟಬಾರದ ಜಾಗಗಳಿಗೆ ಕೆಂಪು ಗೆರೆ ಹಾಕಿ ಕೊಡಿ.

ಮೊದಲನೆಯದು ಬಣ್ಣ. ಆರ್‌ಸಿಯಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ. ಬಾಗಿಲ ಮೇಲೆ ಹೆಸರು, ಫೋನ್ ನಂಬರ್ ಹಾಕಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಆದರೆ ಬಿಳಿ ಗಾಡಿ ಬಾನೆಟ್‌ನಿಂದ ಹಿಂಬಾಗಿಲವರೆಗೆ ಕೆಂಪಾಗಿಬಿಟ್ಟರೆ ಆರ್‌ಸಿಗೂ ಗಾಡಿಗೂ ತಾಳೆಯಾಗುವುದಿಲ್ಲ. ಆಗ ಬಣ್ಣ ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಲೇಬೇಕು. ಅನುಮತಿ ಇಲ್ಲದೆ ಗಾಡಿ ಮಾರ್ಪಾಡು ಮಾಡಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಬೀಳಬಹುದು. ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ನನ್ನ ಕೇಳಿದರೆ ಗಾಡಿಗೆಲ್ಲ ಸ್ಟಿಕರ್ ಸುತ್ತುವ ಪೂರ್ತಿ ರ‍್ಯಾಪ್ ಸುಮ್ನೆ ದುಡ್ಡು ಹಾಳು. ಟಾಟಾ ಏಸ್‌ನಂಥ ಗಾಡಿಯಾದರೆ ಹಿಂದಿನ ಬಾಡಿಯ ಎರಡು ಪಕ್ಕಗಳಿಗಷ್ಟೇ ಹಚ್ಚಿಸಿ, ಕ್ಯಾಬಿನ್ ಮೂಲ ಬಣ್ಣದಲ್ಲೇ ಇರಲಿ. ಓದುವವರು ನೋಡುವುದು ಪಕ್ಕವನ್ನೇ ಅಲ್ವಾ?

ಮಿಲಿಟರಿ ಹಸಿರಿನ ಗೋಜಿಗೆ ಹೋಗಬೇಡಿ. ಆಲಿವ್ ಗ್ರೀನ್ ಬಣ್ಣವನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಬಿಟ್ಟಿವೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಊರಲ್ಲಿ ಅದೇ ಬಣ್ಣದ ಜಿಮ್ ಜಾಹೀರಾತು ಹಚ್ಚಿಕೊಂಡು ಸೇನೆಯ ಕ್ಯಾಂಪ್ ಕಡೆ ಹೋದರೆ ಯಾರಾದರೂ ನಿಲ್ಲಿಸಿ ಕೇಳದೆ ಬಿಡುತ್ತಾರೆಯೇ?

ಎರಡನೆಯದು ಗಾಜು. ಮುಂದಿನ ಮತ್ತು ಹಿಂದಿನ ಗಾಜಿನಿಂದ ಶೇ 70ರಷ್ಟು, ಪಕ್ಕದ ಗಾಜಿನಿಂದ ಶೇ 50ರಷ್ಟು ಬೆಳಕು ಹಾಯಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ತೆಗೆಸಿದ್ದು ಇದೇ ನಿಯಮದ ಮೇಲೆ. ಸ್ಟಿಕರ್ ಅಂಗಡಿಯವರು "ಇದು ಒನ್ ವೇ ವಿಷನ್ ರೀ, ತೂತು ಇರ್ತಾವ, ಏನೂ ಆಗೂದಿಲ್ಲ" ಎನ್ನುತ್ತಾರೆ. ಆ ಸಣ್ಣ ತೂತುಗಳ ಹಾಳೆ ಹಚ್ಚಿದ ಮೇಲೆ ಗಾಜು ಶೇ 70ಕ್ಕೆ ನಿಲ್ಲುವುದಿಲ್ಲ. ಗಾಜನ್ನು ಬಿಟ್ಟುಬಿಡಿ.

ಮೂರನೆಯದು ಹೊಳೆಯುವ ಪಟ್ಟಿ, ನಮ್ಮ ಕಡೆ ಎಲ್ಲರೂ ರೇಡಿಯಂ ಎನ್ನುವುದು. ಸರಕು ಗಾಡಿಗೆ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಪಟ್ಟಿ ಕಡ್ಡಾಯ. ಚಿತ್ರಕ್ಕೆ ಅಡ್ಡ ಬರುತ್ತದೆಂದು ಇದನ್ನು ಕಿತ್ತು ವಿನೈಲ್ ಹಚ್ಚಿದ ಗಾಡಿಗಳನ್ನು ಉದ್ಯಮಬಾಗ್ ರಸ್ತೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ರಾತ್ರಿ ಹೈವೇ ಬದಿಗೆ ನಿಂತರೆ ಅಂಥ ಗಾಡಿ ಕಾಣುವುದೇ ಇಲ್ಲ. ಪಾಸಿಂಗಿನಲ್ಲಿ ವಾಪಸ್ ಬರುವುದೂ ಇದೇ ಕಾರಣಕ್ಕೆ ಜಾಸ್ತಿ. ಪಟ್ಟಿ ಇರುವಲ್ಲೇ ಇರಲಿ, ಚಿತ್ರವನ್ನು ಅದರೊಳಗೆ ಕೂರಿಸಿ. ನಿಮ್ಮ ಅಕ್ಷರಗಳಿಗೂ ಹೊಳೆಯುವ ಹಾಳೆ ಬಳಸಬೇಡಿ. ಮುಂದೆ ಕೆಂಪು ಹೊಳೆದರೆ ಎದುರು ಬರುವವನು ಅದನ್ನು ಹಿಂದಿನ ದೀಪ ಅಂದುಕೊಳ್ಳುತ್ತಾನೆ.

ನಂಬರ್ ಪ್ಲೇಟು, ದೀಪಗಳು, ಬಾಡಿ ಮೇಲೆ ಬರೆದ ಮಾಲೀಕರ ಹೆಸರು ಮತ್ತು ತೂಕದ ವಿವರ, ಇವೂ ಕಾಣಬೇಕು. ವಿನೈಲ್ ಅಡಿ ಹೋದ ವಿವರವನ್ನು ಮೇಲೆ ಮತ್ತೆ ಬರೆಸಿ.

ಇನ್ನು ಭಾಷೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಗಾಡಿಗೂ ಅದೇ ಅಳತೆ ಇಟ್ಟುಕೊಳ್ಳಿ. ಖಾನಾಪುರ, ನಿಪ್ಪಾಣಿ ಕಡೆ ಗಿರಾಕಿಗಳಿದ್ದರೆ ಮರಾಠಿಯನ್ನು ಕೆಳಗೆ ಹಾಕಿ. ನಮ್ಮೂರಲ್ಲಿ ಅಕ್ಷರಕ್ಕೆ ಮಸಿ ಬಳಿಯುವವರಿಗೆ ಕೊರತೆಯಿಲ್ಲ, ಸುಮ್ನೆ ಅವಕಾಶ ಯಾಕೆ ಕೊಡಬೇಕು?

ನಾಲ್ಕನೇ ಹೆಜ್ಜೆ: ಆರ್‌ಟಿಒ

ಡಿಸೈನಿನ ಬಣ್ಣದ ಪ್ರಿಂಟ್ ಎರಡು ಪ್ರತಿ, ಅಳತೆ ಸಮೇತ, ಕೋರಿಕೆ ಪತ್ರದ ಜೊತೆ ಕೊಡಿ. ಪತ್ರದಲ್ಲಿ ಎಷ್ಟು ಭಾಗಕ್ಕೆ ಹಚ್ಚುತ್ತೀರಿ, ಮೂಲ ಬಣ್ಣ ಎಷ್ಟು ಕಾಣುತ್ತದೆ ಎಂದು ಬರೆಯಿರಿ. ಒಂದು ಪ್ರತಿ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಬಣ್ಣವೇ ಬದಲಾಗುತ್ತಿದ್ದರೆ ಮೊದಲು ಒಪ್ಪಿಗೆ, ಹಚ್ಚಿಸಿದ ಮೇಲೆ 14 ದಿನದೊಳಗೆ ಆರ್‌ಸಿಯಲ್ಲಿ ನಮೂದು. ಚಿಕ್ಕೋಡಿ, ಬೈಲಹೊಂಗಲ, ಗೋಕಾಕದವರು ಬೆಳಗಾವಿಗೆ ಓಡಬೇಕಿಲ್ಲ, ಅಲ್ಲಲ್ಲೇ ಕಚೇರಿಗಳಿವೆ. "ಬಾಯಿ ಮಾತಿನಾಗ ಹೇಳೇನ್ರಿ, ನಡೀತೈತಿ" ಎನ್ನುವ ಏಜೆಂಟನಿಗೆ ದುಡ್ಡು ಕೊಡಬೇಡಿ. ರಸ್ತೆಯಲ್ಲಿ ಪೊಲೀಸರು ಕೇಳುವುದು ಕಾಗದ.

ಐದನೇ ಹೆಜ್ಜೆ: ಪಾಲಿಕೆ, ಕ್ಯಾಂಟೋನ್ಮೆಂಟ್

ಬೇರೆಯವರ ಜಾಹೀರಾತಾದರೆ ಪಾಲಿಕೆ ಆಯುಕ್ತರ ಹೆಸರಿಗೆ ಅರ್ಜಿ ಕೊಟ್ಟು ಶುಲ್ಕದ ರಸೀದಿ ಪಡೆಯಿರಿ. ಕ್ಯಾಂಪ್ ಪ್ರದೇಶ ಪಾಲಿಕೆಗೆ ಸೇರಿಲ್ಲ, ಅದು ಕ್ಯಾಂಟೋನ್ಮೆಂಟ್ ಬೋರ್ಡಿನ ಕೈಯಲ್ಲಿದೆ. ಅಲ್ಲಿ ಗಾಡಿ ನಿಲ್ಲಿಸಿ ಪ್ರಚಾರ ಮಾಡುವುದಿದ್ದರೆ ಅವರನ್ನೇ ಕೇಳಬೇಕು. ವಿಮೆ ಕಂಪನಿಗೂ ಒಂದು ಪತ್ರ ಹಾಕಿ. ಅವರಿಗೆ ತಿಳಿಸದ ರ‍್ಯಾಪಿನ ಖರ್ಚನ್ನು ಅಪಘಾತವಾದಾಗ ಯಾರೂ ಕೊಡುವುದಿಲ್ಲ.

ಆರನೇ ಹೆಜ್ಜೆ: ಹಚ್ಚಿಸುವುದು

ಫ್ಲೆಕ್ಸ್ ತಂದು ರಿವೆಟ್ ಹೊಡೆಯುವುದನ್ನು ಇನ್ನಾದರೂ ನಿಲ್ಲಿಸಿ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ರಿವೆಟ್ ತೂತಿನಿಂದ ಬಾಡಿ ತುಕ್ಕು ಹಿಡಿಯುತ್ತದೆ. ಸಪಾಟು ಬಾಡಿಗೆ ಕ್ಯಾಲೆಂಡರ್ಡ್ ವಿನೈಲ್ (ಉರುಳೆಯಲ್ಲಿ ಒತ್ತಿ ಮಾಡಿದ ಹಾಳೆ) ನಡೆಯುತ್ತದೆ. ಉಬ್ಬುತಗ್ಗಿನ ಬಾಗಿಲಿಗೆ ಕಾಸ್ಟ್ ವಿನೈಲ್ (ದ್ರವ ಎರೆದು ಮಾಡಿದ ತೆಳು ಹಾಳೆ) ಬೇಕು, ದುಬಾರಿಯಾದರೂ ಅದು ಅಷ್ಟಾಗಿ ಕುಗ್ಗುವುದಿಲ್ಲ. ಮೇಲೆ ಲ್ಯಾಮಿನೇಷನ್ ಇಲ್ಲದ್ದನ್ನು ಮುಟ್ಟಬೇಡಿ, ನಮ್ಮ ಬಿಸಿಲಿಗೆ ಕೆಂಪು ಮೊದಲು ಮಾಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಬಯಲಲ್ಲಿ ಹಚ್ಚಿಸಿದರೆ ಅಂಚು ಏಳುವುದು ಖಂಡಿತ.

ಸ್ವೀಕೃತಿ ಪ್ರತಿ, ಡಿಸೈನ್ ಪ್ರತಿ, ರಸೀದಿ ಮೂರನ್ನೂ ಡ್ಯಾಶ್‌ಬೋರ್ಡಿನಲ್ಲಿ ಇಡಿ. ಸಾರಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಪಾಸಿಂಗ್ ಇರುತ್ತದೆ. ಪ್ರತಿ ಸಲವೂ ಇವು ಬೇಕಾಗುತ್ತವೆ. ಗಾಡಿ ಮಾರುವಾಗ ವಿನೈಲನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ ನಿಧಾನ ತೆಗೆಸಿ. ಬಣ್ಣ ಬದಲಾವಣೆ ಬರೆಸಿದ್ದರೆ ಅದನ್ನೂ ಮೊದಲಿನಂತೆ ಮಾಡಿಸಿಯೇ ಕೀ ಕೊಡಿ.