ಬ್ಯಾಂಕಾಕ್‌ಗೆ ಹೊರಟವರಿಗೆ: ಒಂದು ದಿನಕ್ಕೆ ಒಂದೇ ಏರಿಯಾ ಇಟ್ಟುಕೊಳ್ಳಿ

ನಾಲ್ಕೈದು ದಿನ ಬ್ಯಾಂಕಾಕ್‌ಗೆ ಹೋಗುವವರು ಜಾಗಗಳ ಪಟ್ಟಿಗಿಂತ ಮೊದಲು ಮ್ಯಾಪ್ ನೋಡಿ. ಅಲ್ಲಿನ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗೆ ಏನೂ ಕಡಿಮೆಯಿಲ್ಲ. ಸುಮ್ನೆ ಆ ತುದಿಯಿಂದ ಈ ತುದಿಗೆ ಓಡಾಡಿದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ.

ಹಳೇ ಊರಿಗೆ ಒಂದು ದಿನ ಕೊಡಿ. ಬಿಟಿಎಸ್ ರೈಲಿನಲ್ಲಿ ಸಫಾನ್ ತಾಕ್ಸಿನ್‌ಗೆ ಬಂದು, ಅಲ್ಲಿಂದ ದೋಣಿ ಹಿಡಿಯಿರಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಗ್ರ್ಯಾಂಡ್ ಪ್ಯಾಲೇಸ್ ಮುಗಿಸಿದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕೇ ಬೇಕು. ಹೊರಗೆ ಯಾರಾದರೂ "ಇವತ್ತು ಅರಮನೆ ಮುಚ್ಚಿದೆ" ಅಂದರೆ ನಂಬಬೇಡಿ, ನೇರ ಗೇಟಿಗೇ ಹೋಗಿ. ಆಮೇಲೆ ನಡೆದೇ ವಾಟ್ ಫೋ ದೇಗುಲಕ್ಕೆ ಬನ್ನಿ. ಅಲ್ಲಿನ ಮಲಗಿದ ಬುದ್ಧ 46 ಮೀಟರ್ ಉದ್ದ, ಪಾದದ ಮುತ್ತಿನ ಚಿಪ್ಪಿನ ಕೆಲಸವನ್ನು ನಿಂತು ನೋಡಿ. ನದಿಯ ಎದುರು ದಡದ ವಾಟ್ ಅರುಣ್ ದೇಗುಲಕ್ಕೆ ಪಕ್ಕದಲ್ಲೇ ದೋಣಿ ಸಿಗುತ್ತದೆ.

ಚಾತುಚಾಕ್ ಸಂತೆ ಬೇಕಿದ್ದರೆ ಶನಿವಾರ, ಭಾನುವಾರ ಬರುವ ಹಾಗೆ ಟಿಕೆಟ್ ಮಾಡಿಸಿ. ಯಾವರಾತ್‌ಗೆ, ಅಂದರೆ ಅಲ್ಲಿನ ಚೈನಾಟೌನ್‌ಗೆ, ಸಂಜೆ ಹೋಗಿ, ತಿಂಡಿ ಗಾಡಿಗಳು ಆಗಲೇ ಬರುವುದು.

ಸಸ್ಯಾಹಾರಿಗಳು ಗಮನಿಸಿ. ಬರೀ ತರಕಾರಿ ಅಂದರೂ ಮೀನಿನ ಸಾಸ್ ಹಾಕಿರುತ್ತಾರೆ. "ಜೇ" (ಅಲ್ಲಿನ ಕಟ್ಟುನಿಟ್ಟಿನ ಸಸ್ಯಾಹಾರ) ಎಂದು ಕೇಳಿ. ಹಳದಿ ಬೋರ್ಡಿನ ಮೇಲೆ ಕೆಂಪಗೆ 17 ಬರೆದ ಹಾಗೆ ಕಾಣುವ ಗುರುತು ಇದ್ದರೆ ಅದೇ ಅಂಗಡಿ. ಅಲ್ಲಿ ಮಾಂಸ, ಮೀನು, ಮೊಟ್ಟೆ ಇರಲ್ಲ, ಬೆಳ್ಳುಳ್ಳಿ ಕೂಡ ಹಾಕಲ್ಲ. ನಮ್ಮ ಊಟವೇ ಬೇಕೆನಿಸಿದರೆ ಯಾವರಾತ್ ಹತ್ತಿರದ ಫಾಹುರತ್‌ನಲ್ಲಿ ಭಾರತೀಯ ಹೋಟೆಲ್‌ಗಳಿವೆ.